ಇವರ ತೋಳಿನ ಅಳತೆ

ನವೆಂಬರ್ ೧೨, ಬುಧವಾರ

ನಿನ್ನೆಯೂ ಕರಡಿ ಅಡುಗೆಮನೆಯ ಬಾಗಿಲು ಕೆರೆದು ಹೋಗಿದೆ. ಇವರು ತೀರಿಹೋದ ಮೇಲೆ ನದಿಯ ನೀರಿನ ಮಟ್ಟ ದಿನಾ ಅಳೆದು ಬರೆದಿಡುವ ಕೆಲಸ ನನ್ನದು. ಕಾಡಂಚಿನ ಈ ಮನೆ ಬಿಟ್ಟು ಬೇರೆಡೆ ಇರುವಂತಿಲ್ಲ. ಇವರ ಬಂದೂಕನ್ನೇ ಹೊತ್ತು ಪೇಟೆಗೆ ಹೋದೆ.

ಬಂದೂಕಿನಂಗಡಿಯವರು ಅದನ್ನು ಎತ್ತಿ ಗುರಿ ಹಿಡಿಯಲು ಹೇಳಿದರು. ಹೆಗಲಿಗೆ ಒರಗಿಸುವ ಮರದ ಹಿಡಿ ಉದ್ದವಾಗಿ ನನ್ನ ಕಂಕುಳಿಗೆ ಸಿಕ್ಕಿಕೊಂಡಿತು.

"ಅಕ್ಕಾ, ಇದು ನಿಮ್ಮ ಯಜಮಾನ್ರ ತೋಳಿನ ಅಳತೆ. ನೀವು ಎತ್ತೋ ಹೊತ್ತಿಗೆ ಕರಡಿ ಒಳಗೆ ಬಂದು ಕೂತು ಟೀ ಕೇಳುತ್ತೆ."

"ಹಾಗಾದ್ರೆ ಹಗುರದ್ದೊಂದು ಕೊಡಿ."

"ಹಗುರದ್ದಕ್ಕೆ ಕರಡಿ ಬೀಳಲ್ಲ, ಇನ್ನೂ ರೇಗುತ್ತೆ. ಇದೇ ಇರ್ಲಿ, ಹಿಡಿ ಸ್ವಲ್ಪ ಕುಯ್ದುಬಿಡೋಣ."

ಇವರ ಭುಜಕ್ಕೆ ಒರಗಿ ಒರಗಿ ಬಣ್ಣ ಕಳೆದುಕೊಂಡ ತುದಿ ಅದು. ಅದನ್ನೊಮ್ಮೆ ಕೈಯಿಂದ ಸವರಿದೆ. ಕೊನೆಗೆ ಹೂಂ ಅಂದೆ. ಗರಗಸದ ಸದ್ದು ನಿಲ್ಲುವವರೆಗೂ ಬೀದಿಯ ಕಡೆ ಮುಖಮಾಡಿ ನಿಂತಿದ್ದೆ.

ಈಗ ಬಂದೂಕು ನನ್ನ ಹೆಗಲಿಗೆ ಸರಿಯಾಗಿ ಕೂರುತ್ತದೆ. ಗುಂಡು ತುಂಬಿ ಬಾಗಿಲ ಬಳಿ ಇಟ್ಟಿದ್ದೇನೆ. ಕುಯ್ದ ತುಂಡು ಮಾತ್ರ ದಿಂಬಿನ ಪಕ್ಕ, ನಾನು ಓದದೆ ಮುಚ್ಚಿಟ್ಟ ಕವನ ಸಂಕಲನದ ಮೇಲಿದೆ. ನನ್ನ ತೋಳಿಗಿಂತ ಇವರದು ಈ ತುಂಡಿನಷ್ಟು ಉದ್ದವಿತ್ತು. ತಬ್ಬಿಕೊಂಡಾಗ ಒಮ್ಮೆಯೂ ಗೊತ್ತಾಗಿರಲಿಲ್ಲ.