ಶಶಿಗೆ ಕೇಳುತ್ತದೆಯೇ

ಬೆಳುವಾಯಿ
18-2-1964

ಪ್ರೀತಿಯ ನಿಮಗೆ, ಪ್ರೇಮಾವತಿಯ ನಮಸ್ಕಾರಗಳು.

ಪುಣೆಯ ಚಳಿಗೆ ಹಿಡಿದ ಕೆಮ್ಮು ಬಿಟ್ಟಿತೇ? ರಡಾರಿನ ಮುಂದೆ ಕೂತು ಊಟ ಮರೆಯಬೇಡಿ. ಇಲ್ಲಿ ಅಮ್ಮ, ತಂಗಿ ಪದ್ಮಾಕ್ಷಿ ಸೌಖ್ಯ. ನಮ್ಮ ಶಶಿಪ್ರಭಾ ಗೋಡೆ ಹಿಡಿದು ನಿಲ್ಲುತ್ತಾಳೆ.

ಆದರೆ ಕರೆದರೆ ತಿರುಗುವುದಿಲ್ಲ. "ಕೇಳ್ತದೆ ಮಾರಾಯ್ತಿ, ಅಪ್ಪನ ಹಾಗೇ, ನಾಲ್ಕು ಸಲ ಕರೀಬೇಕು" ಎಂದು ಅಮ್ಮ ನಗುತ್ತಾರೆ. ಒಮ್ಮೊಮ್ಮೆ ತಿರುಗುವುದೂ ಉಂಟು. ಆದರೆ ಯಾರೂ ಕರೆಯದಾಗಲೂ ತಿರುಗುತ್ತಾಳೆ, ಬಿಸಿಲಿಗೆ, ಬೆಕ್ಕಿಗೆ, ಸುಮ್ಮನೆ. ಆಗ ನಿಮ್ಮ ಮಾತು ನೆನಪಾಯಿತು. ರಡಾರಿನ ಪರದೆಯ ತುಂಬ ಮಿಣುಕು, ಅದರೊಳಗೆ ವಿಮಾನ ಉಂಟೋ ಇಲ್ಲವೋ, ಎಷ್ಟು ದೂರ, ಎಷ್ಟು ವೇಗ, ಒಂದೂ ಗೊತ್ತಿಲ್ಲ. "ಮೊದಲು ಇಲ್ಲ ಅಂತಲೇ ಇಟ್ಟುಕೊಳ್ಳುವುದು. ಆ 'ಇಲ್ಲ' ನಿಲ್ಲದೆ ಹೋದರೆ ಮಾತ್ರ ಉಂಟು ಅನ್ನುವುದು" ಎಂದಿದ್ದಿರಿ. ಕೇಳದ ಮಗುವಿಗೆ ಕೇಳುತ್ತದೆಂದು ನಂಬಿದರೆ ಕಾಲ ಕೈಜಾರುತ್ತದೆ. ಕೇಳುವ ಮಗುವಿಗೆ ಕೇಳದೆಂದುಕೊಂಡರೆ ಅವಳೊಡನೆ ಮಾತನಾಡುವುದನ್ನೇ ಬಿಟ್ಟೇವು. ಎರಡಕ್ಕೂ ಹೆದರಿದೆ.

ಹೋದ ವಾರ ಒಂದು ಮಧ್ಯಾಹ್ನ ಅವಳನ್ನು ತೊಟ್ಟಿಲಲ್ಲಿ ಕೂರಿಸಿದೆ, ನೆಲದ ಅದುರು ತಾಗದಿರಲೆಂದು. ಮುಚ್ಚಿದ ಬಾಗಿಲ ಆಚೆ ಪದ್ಮಾಕ್ಷಿ ಕವಡೆ ಎಸೆಯುತ್ತಿದ್ದಳು. ಮೊಗ ಮೇಲಾದರೆ ಏನಾದರೊಂದು ಬಡಿದು ಸದ್ದು ಮಾಡುವಳು, ಇಲ್ಲವಾದರೆ ಮೌನ. ಎರಡಕ್ಕೂ ನನ್ನ ಬೆರಳಿಗೆ ಕಟ್ಟಿದ ನೂಲನ್ನು ಎಳೆಯುವಳು. ಮಗು ತಿರುಗಿತೋ ಇಲ್ಲವೋ ನಾನು ಕೂಗಿ ಹೇಳಬೇಕು, ಅವಳು ಬರೆದುಕೊಳ್ಳಬೇಕು. ಸದ್ದು ನನಗೇ ಕೇಳಿದರೆ ಆಸೆಯೇ ಉತ್ತರ ಹೇಳೀತೆಂದು ಕಿವಿಗೆ ಮೇಣ ಹಚ್ಚಿದ ಹತ್ತಿ ತುರುಕಿ, ಮೇಲೆ ಶಾಲು ಬಿಗಿದುಕೊಂಡಿದ್ದೆ.

ಆ ಮೌನವನ್ನು ಹೇಗೆ ಬರೆಯಲಿ? ಕಿಟಕಿಯಾಚೆ ಹಲಸಿನ ಎಲೆಗಳು ಸದ್ದಿಲ್ಲದೆ ಆಡುತ್ತಿದ್ದವು. ಅಮ್ಮನ ತುಟಿಗಳು ನೀರೊಳಗಿನ ಮೀನಿನಂತೆ ತೆರೆದು ಮುಚ್ಚಿದವು. ನಮ್ಮ ಮಗಳು ಇರುವ ಊರಿಗೆ ನಾನೂ ಹೋದಂತಿತ್ತು. ಅಲ್ಲಿ ಬೆಳಕು ತುಂಬ ಉಂಟು, ಹೆದರಿಕೆ ಇಲ್ಲ. ಅವಳು ನನ್ನನ್ನೇ ನೋಡಿ ನಗುತ್ತಿದ್ದಳು.

ಯಾವ ಸ್ವರ, ಎಷ್ಟು ಜೋರಾದರೆ ಅವಳಿಗೆ ಕೇಳೀತೆಂದು ತಿಳಿಯದ ಕಾರಣ ಗಂಟೆ, ತಾಳ, ತಟ್ಟೆ, ಬಚ್ಚಲ ಹಂಡೆ ಎಲ್ಲವನ್ನೂ ಬಡಿಸಿದೆ. ಗಂಟೆಗೂ ಮೌನಕ್ಕೂ ಅವಳು ಒಂದೇ ಸಮ ತಿರುಗಿದಳು. ಹಂಡೆಗೆ ಮಾತ್ರ ಹೆಚ್ಚು ಸಲ. ಅಷ್ಟು ಬಗೆ ಬಡಿದರೆ ಒಂದಾದರೂ ಆಕಸ್ಮಿಕವಾಗಿ ಹೊಂದೀತೆಂದು ಅನುಮಾನಿಸಿ ಮರುದಿನ ಹಂಡೆಯೊಂದನ್ನೇ ಮೊದಲಿನಿಂದ ನೋಡಿದೆವು. ಮುಗಿದಾಗ ಪದ್ಮಾಕ್ಷಿ ಬಾಗಿಲು ತಳ್ಳಿ ಬಂದು ನನ್ನ ಕಿವಿಯ ಹತ್ತಿ ಕಿತ್ತು ಕಿರುಚಿದಳು: "ಅಕ್ಕಾ, ಕೇಳ್ತದೆ! ದಪ್ಪ ಸ್ವರ ಕೇಳ್ತದೆ!" ಅಮ್ಮ ಆಗ ಅತ್ತರು. ಇಷ್ಟು ದಿನ ನಗುತ್ತಿದ್ದುದು ನಮಗಾಗಿ ಎಂದು ನನಗೆ ಆಗ ತಿಳಿಯಿತು.

ಗಂಟೆಯಂಥ ಸಣ್ಣ ಸ್ವರ ಕೇಳುವುದಿಲ್ಲ, ಅದೂ ನಿಜವೇ. ಬರುವ ಸೋಮವಾರ ಮಂಗಳೂರಿನ ಡಾಕ್ಟರಿಗೆ ತೋರಿಸುತ್ತೇವೆ. ರಜೆ ಸಿಕ್ಕಿದರೆ ನೇರ ಅಲ್ಲಿಗೇ ಬನ್ನಿ. ಅಮ್ಮ ನಿಮಗೆ ಆಶೀರ್ವಾದ ತಿಳಿಸಿದ್ದಾರೆ.

ನಿಮ್ಮ,
ಪ್ರೇಮಾವತಿ

ವಿ.ಸೂ.: ಟಪಾಲಿನವರು ಅಂಗಳದಲ್ಲಿ ನಿಂತಿದ್ದಾರೆ, ಅವಸರ. ಅವಳಿಗೆ ಕೈಸನ್ನೆಯನ್ನೂ ಕಲಿಸುತ್ತಿದ್ದೇವೆ. ಅಪ್ಪ ಎಂದರೆ ಎದೆಯ ಮೇಲೆ ಅಂಗೈ. ಇವತ್ತು ಬೆಳಿಗ್ಗೆ ನಿಮ್ಮ ಫೋಟೋದ ಮುಂದೆ ನಿಂತು ತಾನಾಗಿಯೇ ಅಂಗೈ ಇಟ್ಟುಕೊಂಡಳು. ಒಂದೇ ಒಂದು ಸಲ. ನೀವಾದರೆ ಇದು ಸಾಲದು ಎನ್ನುವಿರಿ. ನಾನು ನಂಬಿಬಿಟ್ಟೆ.