ನನ್ನ ತಂಗಿಯ ಕೊಬ್ಬಿನ ಕುರಿತು

ಔಷಧ ಆಮದಿಗೆ ಅಪ್ಪಣೆ ಕೊಡುವ (ಸಾಮಾನ್ಯವಾಗಿ ಕೊಡದ) ಅಧಿಕಾರಿಗಳೇ,

ನನ್ನ ತಂಗಿಯ ಪ್ರಾಣ ಉಳಿಸಬೇಕಾದ ಮಾತ್ರೆಗಳನ್ನು ನೀವು ಗೋದಾಮಿನಲ್ಲಿ ಕೂಡಿಹಾಕಿದ್ದೀರಿ. ವೈದ್ಯರ ಪತ್ರದಲ್ಲಿ ‘ಕೊಬ್ಬು’ ಎಂಬ ಪದ ಕಂಡೊಡನೆ ನಿಮ್ಮ ಕಚೇರಿ ಅವನ್ನು ‘ಮೈ ಇಳಿಸುವ ಸೌಂದರ್ಯ ಸಾಧನ’ ಎಂದು ಬಗೆಯಿತು. ಲಿಪ್‌ಸ್ಟಿಕ್ಕಿನ ಪಕ್ಕದಲ್ಲಿ ಇಟ್ಟಿತು!

ತಂಗಿ ದರ್ಜಿ. ಸೂಜಿಯ ಕಣ್ಣಿನಲ್ಲಿ ತಾನೇ ತೂರುವಷ್ಟು ಸಣ್ಣ. ಆದರೆ ಹುಟ್ಟಿನಿಂದಲೇ ಅವಳ ರಕ್ತದಲ್ಲಿ ಕೊಲೆಸ್ಟ್ರಾಲ್ ತುಂಬಿ ತುಳುಕುತ್ತದೆ. ಬೇರೆ ಮಾತ್ರೆಗಳೆಲ್ಲ ಕೈಚೆಲ್ಲಿವೆ. ಯಕೃತ್ತಿನಲ್ಲಿ ಕೊಬ್ಬನ್ನು ಮೂಟೆ ಕಟ್ಟಿ ರಕ್ತಕ್ಕೆ ಸಾಗಹಾಕುವ ಪ್ರೋಟೀನೊಂದಿದೆಯಂತೆ. ಆ ಹಮಾಲಿಯ ಕೈ ಹಿಡಿದು ನಿಲ್ಲಿಸುವ ರಾಸಾಯನಿಕವೇ ಈ ಮಾತ್ರೆ. ಯಕೃತ್ತಿಗೆ ತೊಂದರೆಯಾಗಬಹುದು, ಕಣ್ಣಿಟ್ಟು ಕೊಡುತ್ತೇನೆ ಎಂದಿದ್ದಾರೆ ವೈದ್ಯರು. ಅವರು ತಡೆಯಹೊರಟದ್ದು ಪ್ರೋಟೀನನ್ನು. ನೀವು ತಡೆದದ್ದು ಮಾತ್ರೆಯನ್ನು. ತಡೆಯುವುದರಲ್ಲಿ ನಿಮ್ಮ ಕಚೇರಿಯನ್ನು ಮೀರಿಸುವ ರಾಸಾಯನಿಕ ಇನ್ನೂ ಹುಟ್ಟಿಲ್ಲ, ಬಿಡಿ.

ಕಾಗದ ನಂಬದವರು ಕಣ್ಣನ್ನಾದರೂ ನಂಬಿಯಾರೆಂದು ಅವಳನ್ನೇ ಕರೆತಂದೆ. ಲಿಫ್ಟ್ ಕೆಟ್ಟಿತ್ತು. ಮಹಡಿ ಹತ್ತುವಷ್ಟರಲ್ಲಿ ಅವಳು ಎದೆ ಹಿಡಿದುಕೊಂಡಿದ್ದಳು. ನಿಮ್ಮ ಗುಮಾಸ್ತರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಏನಮ್ಮಾ, ಕಡ್ಡಿ ಥರ ಇದ್ದೀರಿ. ನಿಮಗೆಂಥ ಕೊಬ್ಬು?”

“ಮೈಯಲ್ಲಿಲ್ಲ ಸಾರ್, ರಕ್ತದಲ್ಲಿದೆ.” ತೋಳು ಸರಿಸಿ, ಮೊಣಕೈಯಲ್ಲಿ ಕೊಲೆಸ್ಟ್ರಾಲ್ ಕಟ್ಟಿ ಎದ್ದ ಹಳದಿ ಗಂಟುಗಳನ್ನು ತೋರಿಸಿದಳು.

“ಇದಕ್ಕೆ ಚರ್ಮದ ಡಾಕ್ಟ್ರು ಬೇರೆ ಇದ್ದಾರೆ. ದಿನಾ ಸ್ವಲ್ಪ ವಾಕಿಂಗ್ ಮಾಡಿ.”

“ಮೆಟ್ಲು ಹತ್ತಿ ಬಂದೆನಲ್ಲ ಸಾರ್, ಇವತ್ತಿಂದು ಆಯ್ತು. ಒಂದು ಕುರ್ಚಿ ಕೊಡ್ತೀರಾ?”

ಸಂದರ್ಶಕರಿಗೆ ಕುರ್ಚಿ ಸಾಹೇಬರ ಕೋಣೆಯಲ್ಲಿ ಮಾತ್ರವಂತೆ. ಸಾಹೇಬರು, ಅಂದರೆ ತಾವು, ಸಭೆಯಲ್ಲಿದ್ದಿರಿ. ತಂಗಿ ನೆಲದ ಮೇಲೆ ಕುಳಿತು, “ಅಣ್ಣಾ, ಕೊಬ್ಬು ಯಾರಿಗೆ ಅಂತ ಗೊತ್ತಾಯ್ತು ಬಿಡು” ಎಂದಳು. ನಕ್ಕೆ. ಅವಳ ತುಟಿ ಬಿಳಿಚಿದ್ದು ಕಂಡು ನೀರು ತರಲು ಓಡಿದೆ.

ಮಾನ್ಯರೇ, ಮೈ ಇಳಿಸುವ ಹೆಸರಿನಲ್ಲಿ ವಿಷ ಮಾರುವವರನ್ನು ಹಿಡಿಯಿರಿ, ಚಪ್ಪಾಳೆ ತಟ್ಟುತ್ತೇನೆ. ಆದರೆ ಒಂದು ಪದಕ್ಕೆ ಒಂದೇ ಅರ್ಥವೆಂದು ಯಾವ ಶಾಲೆಯಲ್ಲಿ ಕಲಿತಿರಿ? ಅವಳ ಹೃದಯದ ನಾಳ ಮುಚ್ಚುತ್ತಿದೆ. ನೀವು ‘ನಾಳೆ ಬನ್ನಿ’ ಎನ್ನುತ್ತಿದ್ದೀರಿ. ನಾಳಕ್ಕೂ ನಾಳೆಗೂ ಒಂದು ಎತ್ವದಷ್ಟೇ ಅಂತರ. ಅಷ್ಟು ಕೂಡ ಅವಳ ಬಳಿ ಉಳಿದಿರಲಿಕ್ಕಿಲ್ಲ.

ಆ ಪೊಟ್ಟಣವನ್ನು ಔಷಧವೆಂದು ಒಪ್ಪಿ ಇಂದೇ ಬಿಡಿ. ತಪ್ಪು ನಮ್ಮದೇ ಎಂದು ಬರೆದುಕೊಡಲೇ? ಕೊಡುತ್ತೇನೆ. ನೀವೇ ಗೆದ್ದಿರೆಂದು? ಅದನ್ನೂ ಕೊಡುತ್ತೇನೆ. ಅವಳು ನುಂಗಬಲ್ಲವಳಾಗಿರುವಾಗ ಮಾತ್ರೆ ಕೊಡಿ, ಅಷ್ಟೇ.

ಇಂತಿ,
ಮಾತಿನಾಟವಾಡಿ ಹೆಸರು ಮಾಡಿದ, ಈಗ ಆಟ ಸಾಕಾದ
ಒಬ್ಬ ಅಣ್ಣ