ಬಲ ಮೂಲೆಯ ಪುಟ್ಟ ಚೌಕ

ಸ್ಟುಡಿಯೋ, ಮೊದಲ ಮಹಡಿ
ಗುರುವಾರ, ಫೆಬ್ರುವರಿ 12, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ನೀನು ಕಳಿಸಿದ ವಿಡಿಯೊದಲ್ಲಿ ಸೊರಗಿದಂತೆ ಕಂಡೆ. ಅಮ್ಮ ಆರೋಗ್ಯವಾಗಿದ್ದಾಳೆ. ಶನಿವಾರ ಶಾಲೆಯಲ್ಲಿ ಅವಳ ಬೀಳ್ಕೊಡುಗೆ. ಮೂವತ್ತೊಂದು ವರ್ಷ ಮಕ್ಕಳ ಲೆಕ್ಕ ತಿದ್ದಿದವಳು ಈಗ ಕೂತಲ್ಲಿ ನಿಂತಲ್ಲಿ ತನ್ನ ಭಾಷಣವನ್ನೇ ತಿದ್ದುತ್ತಿದ್ದಾಳೆ.

ಆ ಸಭೆಯಲ್ಲಿ ತೋರಿಸುವ ವಿಡಿಯೊವನ್ನು ನಾನೇ ಜೋಡಿಸುತ್ತಿದ್ದೇನೆ. ಪೂರ್ತಿ ಪರದೆಯಲ್ಲಿ ಅಮ್ಮನ ತರಗತಿ, ಬಲ ಮೂಲೆಯ ಪುಟ್ಟ ಚೌಕದಲ್ಲಿ ನೀನು, ದೂರದ ಬಂದರಿನ ಊರಿನಿಂದ ಶುಭಾಶಯ ಹೇಳುವ ಮಗ. "ಅಂಚೆ ಚೀಟಿ ಥರ ಮಾಡ್ಬೇಡ ಕಣೇ, ಮುಖ ಕಾಣ್ಲಿ" ಎಂದು ಅಮ್ಮನ ತಾಕೀತು. ನೀನು ಎಂದಿನಂತೆ ಸಿದ್ಧ ವಿಡಿಯೊ ಬದಲು ಇಡೀ ಎಡಿಟಿಂಗ್ ಪ್ರಾಜೆಕ್ಟನ್ನೇ ಕಳಿಸಿದ್ದೆ. ನನಗೆ ಈ ಕೆಲಸ ಕಲಿಸಿದಾಗಲೂ ನಿನ್ನದು ಅದೇ ಹಟ: "ಬೇಯಿಸಿ ಕೊಡ್ಬೇಡ ಗುಬ್ಬಿ, ಹಸೀದೇ ಕೊಡು. ಮುಂದಿನವರು ಬೇಕಾದ ಹಾಗೆ ತಿದ್ಕೋತಾರೆ." ಅದರಲ್ಲಿ ನಿನ್ನ ಚಿತ್ರ ನೂರರವತ್ತು ಪ್ರತಿಶತಕ್ಕೆ ಹಿಗ್ಗಿತ್ತು, ಎಡಕ್ಕೆ ಸರಿದಿತ್ತು. ಚೌಕಕ್ಕೆ ಹೊಂದಲೆಂದು ಮೂವತ್ತಕ್ಕೆ ಇಳಿಸಿದೆ. ಚೌಕಟ್ಟಿನಾಚೆ ಹೋಗಿದ್ದೆಲ್ಲ ಒಳಗೆ ಬಂತು. ಕತ್ತರಿಸಿ ಕ್ರಾಪ್ ಮಾಡದೆ ಬರೀ ಹಿಗ್ಗಿಸಿದರೆ ಅಂಚು ಅಳಿಯುವುದಿಲ್ಲ, ಮರೆಯಾಗಿರುತ್ತದೆ ಅಷ್ಟೇ. ಇದನ್ನು ನನಗೆ ಹೇಳಿಕೊಟ್ಟವನೇ ನೀನು.

ನಿನ್ನ ಪಕ್ಕದಲ್ಲಿ ಕಂದು ಪರದೆಯ ಒಂದು ಕಿಟಕಿ. ಕಿಟಕಿಯಾಚೆ ಬೀದಿ, ಬೀದಿಯಾಚೆ ಬೀಗ ರಿಪೇರಿಯ ಅಂಗಡಿ, ಅದರ ಮೇಲೆ ಇನ್ನೊಂದು ಕಿಟಕಿ. ನೂರಕ್ಕೆ ಏರಿಸಿದೆ. ನಾನೂರಕ್ಕೆ ಏರಿಸಿದೆ. ಒಳಗೆ ಎರಡು ಮಾನಿಟರ್, ಹಳದಿ ಸ್ವೆಟರ್ ತೊಟ್ಟ ಒಂದು ಬೆನ್ನು. ನನ್ನ ಬೆನ್ನು. ಆ ಸ್ವೆಟರ್ ಕೊಂಡು ಮೂರು ವಾರವೂ ಆಗಿಲ್ಲ.

ತಿರುಗಿ ನೋಡಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಎದುರು ಕಟ್ಟಡದ ಮೂರನೇ ಮಹಡಿ, ಕಂದು ಪರದೆ. ನೀನು ಕೆಲಸಕ್ಕಿದ್ದ ಆ ಬಂದರಿನ ಊರಿನ ಟಿವಿ ಚಾನೆಲ್ಲಿಗೆ ಫೋನ್ ಮಾಡಿದೆ. "ಅವ್ರನ್ನ ತೆಗೆದು ಎಂಟು ತಿಂಗಳಾಯ್ತಲ್ಲಮ್ಮ, ನಿಮಗೆ ಹೇಳಿಲ್ವಾ?" ಎಂದರು. ಮೊನ್ನೆ ಮಂಗಳವಾರವಷ್ಟೇ ನೀನು ಫೋನಿನಲ್ಲಿ "ಇಲ್ಲಿ ಸಮುದ್ರದ ಗಾಳಿ, ಮಾತೇ ಕೇಳ್ತಿಲ್ಲ" ಎಂದಿದ್ದೆ. ಅದು ನಮ್ಮ ಬೀದಿಯ ಗಾಳಿ, ಅಣ್ಣಾ. ಆಗ ಅದೇ ಗಾಳಿಗೆ ನಾನು ಕಿಟಕಿ ಮುಚ್ಚುತ್ತಿದ್ದೆ. ಕೋಪ ಬರಬೇಕಿತ್ತು, ಬಂದಿಲ್ಲ. ಕೆಲಸ ಹೋದ ನಾಚಿಕೆ ಇರಬಹುದು ಎಂದುಕೊಂಡೆ. ಆದರೆ ಮುಖ ತೋರಿಸಲಾರದವನು ನನ್ನ ಬೆನ್ನು ಕಾಣುವಲ್ಲೇ ಮನೆ ಏಕೆ ಹಿಡಿದ?

ಈಗ ಆ ಕಿಟಕಿಯನ್ನು ಕ್ರಾಪ್ ಮಾಡಿ ತೆಗೆದಿದ್ದೇನೆ. ಸಭೆಯಲ್ಲಿ ಯಾರಿಗೂ ಕಾಣಿಸದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ಗುಬ್ಬಿ

ಇನ್ನೊಂದು ಮಾತು: ನಿನಗೆ ಹೇಳಕೂಡದೆಂದು ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಭಾನುವಾರ ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆದಿದ್ದಾಳೆ, ಒಂದು ತಿಂಗಳು ನಿನ್ನ ಜೊತೆ ಇದ್ದು ಬರಲು. ಹನ್ನೊಂದು ಗಂಟೆಯ ದಾರಿ, ಅಲ್ಲಿ ಇಳಿದರೆ ಯಾರೂ ಇಲ್ಲ. ನಾನು ಅವಳಿಗೆ ಏನೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನೇ ಹೇಳಬೇಕು. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ನಿನ್ನ ಬಾಗಿಲ ಕೆಳಗೆ ತಳ್ಳಿ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಐದೂವರೆಗೆ ಸ್ಟುಡಿಯೋಗೆ ಬೀಗ ಹಾಕಬೇಕು, ಬೇಗ ಬಾಗಿಲು ತೆಗೆ.